ಬ್ಯಾಟರಿ ಖಾಲಿ ಮಾಡಿದ ಸುಲೋಚನಮ್ಮ

ಮಗ್ಗೆ ಊರಿನ ದೇವೀರಪ್ಪನ ಮನೆಯಲ್ಲಿ ಎಲ್ಲ ಕೋಣೆಗೂ ಬಾಗಿಲಿತ್ತು, ಅಡುಗೆಮನೆಗೆ ಮಾತ್ರ ಇರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಸುಲೋಚನಮ್ಮ ಅಲ್ಲೇ ಬೇಯುತ್ತಿದ್ದಳು. ಅತ್ತೆ ಲಿಂಗಮ್ಮನಿಗೆ ಬಿಸಿನೀರು, ಗಂಡನಿಗೆ ಸಕ್ಕರೆಯಿಲ್ಲದ ಕಾಫಿ, ಮಗ ಸಂಜಯನಿಗೆ ಕಣ್ಣೆದುರೇ ಇದ್ದರೂ ಕಾಣದ ಅಂಗಿ, ಯಾರಿಗೆ ಏನು ಬೇಕಾದರೂ ಕೂಗು ಅಡುಗೆಮನೆಯ ಕಡೆಗೇ. ಬೇರೆ ಕೋಣೆಗೆ ಹೋಗಿ ಕೂತಳೋ, ಒಲೆ ಕಡೆ ಸದ್ದೇ ಇಲ್ಲವಲ್ಲ ಎಂದು ಹುಡುಕಿಕೊಂಡು ಬರುತ್ತಿದ್ದರು.

ಎರಡು ಸಾವಿರದ ನಾಲ್ಕರಲ್ಲಿ ದೇವೀರಪ್ಪ ದೋಣಿಗಲ್ಲಿನ ಎಸ್ಟೇಟಿನವರೊಬ್ಬರ ಹಳೇ ಕಾರು ಕೊಂಡ. ಅವನ ಮನಸ್ಸು ಸೋತದ್ದು ಎಂಜಿನ್ನಿಗಲ್ಲ, ಡಿಕ್ಕಿಗೆ. ಹಿಂದಿನ ಯಜಮಾನರು ಕಳ್ಳರ ಭಯಕ್ಕೆ ಡಿಕ್ಕಿಯ ಕೀಲಿ ತೂತನ್ನೇ ಮುಚ್ಚಿಸಿ, ರಿಮೋಟಿನ ಗುಂಡಿ ಒತ್ತಿದರೆ ಮಾತ್ರ ತೆರೆಯುವಂತೆ ಮಾಡಿಸಿದ್ದರು. ಕಾರಿನ ಕೀ ಹಜಾರದ ಮೊಳೆಯಲ್ಲಿ ತೂಗುತ್ತಿತ್ತು. ರಿಮೋಟು ಮಾತ್ರ ದೇವೀರಪ್ಪನ ಜೇಬು ಬಿಟ್ಟು ಕದಲುತ್ತಿರಲಿಲ್ಲ. ಕಾರು ಹೊರಗೆ ತೆಗೆಯುವುದು ಅಪರೂಪವಾದರೂ ಬೆಲೆಬಾಳುವುದೆಲ್ಲ ಡಿಕ್ಕಿ ಸೇರಿತು. ಸಕ್ಕರೆ ಕಾಯಿಲೆಯಿದ್ದ ಅವನು ಕದ್ದು ತಿನ್ನುವ ಮೈಸೂರುಪಾಕಿನ ಡಬ್ಬವೂ ಸೇರಿತು. ಆ ಡಬ್ಬದ ವಿಷಯ ಲೋಕದಲ್ಲಿ ತನ್ನೊಬ್ಬನಿಗೇ ಗೊತ್ತು ಎಂದು ಅವನು ನಂಬಿದ್ದ.

ಕಾರು ಬಂದ ಮೇಲೆ ಸುಲೋಚನಮ್ಮನಿಗೂ ಒಂದು ಬಾಗಿಲು ಸಿಕ್ಕಿತು. ಊಟವಾಗಿ ಮನೆಯವರೆಲ್ಲ ಉರುಳಿಕೊಂಡಾಗ ಮೊಳೆಯ ಕೀ ತೆಗೆದುಕೊಂಡು ಶೆಡ್ಡಿಗೆ ಹೋಗುವಳು. ಗಾಜು ಏರಿಸಿ, ಹಾಸನ ಆಕಾಶವಾಣಿ ಹಾಕಿ, ಹಿಂದಿನ ಸೀಟಿನಲ್ಲಿ ಕಾಲು ಚಾಚುವಳು. ಯಾರು ಕೂಗಿದರೂ ಕೇಳಿಸದು, ಅಲ್ಲಿ ಹುಡುಕಬೇಕೆಂದು ಯಾರಿಗೂ ಹೊಳೆಯದು. ಆ ಒಂದು ಗಂಟೆ ಅವಳಿಗೆ ತವರಿಗಿಂತ ಹಿತವಾಗಿತ್ತು.

ಒಮ್ಮೆ ತುಪ್ಪದ ಘಮ ಮೂಗಿಗೆ ಬಡಿದು, ಸೀಟಿನ ಬೆನ್ನಿಗಿದ್ದ ಪಟ್ಟಿ ಎಳೆದು ನೋಡಿದಳು. ಬೆನ್ನು ಮಡಚಿಕೊಂಡಿತು, ಡಿಕ್ಕಿಯ ಒಳಗು ಕಂಡಿತು, ಡಬ್ಬ ಸಿಕ್ಕಿತು. ಬಯ್ಯೋಣವೆಂದರೆ ತಾನು ಅಲ್ಲಿ ಕೂರುವುದೂ ಬಯಲಾಗುತ್ತದೆ. ಹಾಗಾಗಿ ಡಬ್ಬ ಹಗುರಾದ ದಿನ ಗಂಡನ ತಟ್ಟೆಗೆ ಅನ್ನ ಕಡಿಮೆ ಮಾಡಿ ಸುಮ್ಮನಾಗುತ್ತಿದ್ದಳು.

ಸಂಜಯನ ನಿಶ್ಚಿತಾರ್ಥದ ಬೆಳಿಗ್ಗೆ ದೇವೀರಪ್ಪ ರಿಮೋಟು ಒತ್ತಿದರೆ ಕಾರು ತುಟಿಪಿಟಕ್ಕೆನ್ನಲಿಲ್ಲ. ಬ್ಯಾಟರಿ ಸತ್ತಿತ್ತು. ಹುಡುಗಿಗೆ ಕೊಡುವ ಸೀರೆ, ತೊಡಿಸುವ ಉಂಗುರ ಎಲ್ಲ ಡಿಕ್ಕಿಯೊಳಗೆ. ಸಕಲೇಶಪುರದಲ್ಲಿ ಹೆಣ್ಣಿನ ಕಡೆಯವರು ಕಾಯುತ್ತಿದ್ದರು. ರಾಹುಕಾಲಕ್ಕೆ ಮೊದಲು ಶಾಸ್ತ್ರ ಮುಗಿಯಬೇಕು. ಬಾಡಿಗೆ ಜೀಪೇನೋ ಬಂತು, ಅದರ ಬ್ಯಾಟರಿಯಿಂದ ಕರೆಂಟು ಕೊಡಲು ಡ್ರೈವರನ ಬಳಿ ವೈರಿರಲಿಲ್ಲ. ಎಲ್ಲರೂ ಸೇರಿ ತಳ್ಳಿದರು, ಕಾರು ಕೆಮ್ಮಲೂ ಇಲ್ಲ.

"ಇನ್ನೇನ್ ನೋಡ್ತೀರಾ ಭಾವ, ಮೀಟೇಬುಡನ," ಎಂದು ಸುಲೋಚನಮ್ಮನ ತಮ್ಮ ನಂಜುಂಡ ಹಾರೆ ಹಿಡಿದು ಬಂದ.

"ಬ್ಯಾಡ ಕಣೋ ಮಾರಾಯ! ಮುಟ್ಬ್ಯಾಡ!" ದೇವೀರಪ್ಪ ಡಿಕ್ಕಿಗೆ ಬೆನ್ನು ಕೊಟ್ಟು ನಿಂತ. ಕಾರಿನ ಮೇಲಿನ ಪ್ರೀತಿ ಎಂದುಕೊಂಡರು ಎಲ್ಲರೂ. ಡಬ್ಬದ ಭಯ ಎಂದು ಗೊತ್ತಿದ್ದದ್ದು ಒಬ್ಬಳಿಗೇ.

ಸುಲೋಚನಮ್ಮ ಲೆಕ್ಕ ಹಾಕಿದಳು. ದಾರಿ ತೋರಿಸಿದರೆ ತನ್ನ ಮಧ್ಯಾಹ್ನ ಹೋಯಿತು. ಸುಮ್ಮನಿದ್ದರೆ ಮಗನ ಶುಭಕಾರ್ಯ ಕೆಟ್ಟಿತು. ಸಂಜಯನ ಬಾಡಿದ ಮುಖ ನೋಡಿದಳು. ಸೆರಗು ಸಿಕ್ಕಿಸಿಕೊಂಡು ಹಿಂದಿನ ಸೀಟಿಗೆ ಹತ್ತಿ ಪಟ್ಟಿ ಎಳೆದಳು, ಅರ್ಧ ಮೈ ಒಳಗೆ ತೂರಿಸಿ ಸೀರೆ, ಉಂಗುರವಿದ್ದ ಚೀಲ ಹೊರತಂದಳು. ಗಂಡನ ಕಿವಿಯ ಹತ್ತಿರ ಬಂದು, "ಡಬ್ಬನ ಡಿಕ್ಕಿ ಒಳಗೇ ಗೋಣಿ ಕೆಳಗೆ ಮುಚ್ಚಿಟ್ಟಿವ್ನಿ," ಎಂದಳು. ದೇವೀರಪ್ಪನ ಮುಖ ಹಣೆಯ ವಿಭೂತಿಗಿಂತ ಬೆಳ್ಳಗಾಯಿತು.

"ಈ ದಾರಿ ನಿಂಗೆಂಗೆ ಗೊತ್ತಾಯ್ತಕ್ಕ?" ಎಂದ ನಂಜುಂಡ.

"ಮದ್ಯಾನ ಒಳಗೆ ಕೂತು ರೇಡಿಯೊ ಕೇಳ್ತೀನಿ ಕಣೋ."

"ಹಂಗಾರೆ ಬ್ಯಾಟ್ರಿ ಖಾಲಿ ಮಾಡ್ದೋಳು ನೀನೇಯಾ!"

ಅಂಗಳದಲ್ಲಿದ್ದವರೆಲ್ಲ ನಕ್ಕರು. ನಿಶ್ಚಿತಾರ್ಥದ ಊಟದಲ್ಲಿ ನಂಜುಂಡ ಅದನ್ನೇ ಹೊಸ ಬೀಗರಿಗೂ ಹೇಳಿ ನಗಿಸಿದ. ಸುಲೋಚನಮ್ಮನೂ ನಕ್ಕಳು. ಒಳಗೆ ಅಳು ಒತ್ತಿಕೊಂಡು ಬರುತ್ತಿತ್ತು, ಬಡಿಸುವ ನೆಪದಲ್ಲಿ ಎದ್ದು ಹೋದಳು.

ದೇವೀರಪ್ಪ ಕೆಟ್ಟವನಲ್ಲ. ಮಾನ ಉಳಿಸಿದ ಹೆಂಡತಿಗೆ ಏನಾದರೂ ಮಾಡಬೇಕೆನಿಸಿತು. ಮುಂದಿನ ವಾರ ಕಾರಿಗೆ ಹೊಸ ಬ್ಯಾಟರಿ ಹಾಕಿಸಿ, ಜೊತೆಗೆ ದೊಡ್ಡದೊಂದು ರೇಡಿಯೊ ತಂದು ಅಡುಗೆಮನೆಯ ಗೂಡಿನಲ್ಲಿಟ್ಟ. ಕಾರಿನ ಕೀ ಮೊಳೆಯಿಂದ ಅವನ ಜೇಬಿಗೆ ಹೋಯಿತು.

"ಇನ್ಮೇಲೆ ಆ ಶೆಡ್ಡಲ್ಲಿ ಸೆಕೇಲಿ ಕೂರೋದು ತಪ್ತು. ಕೆಲಸ ಮಾಡ್ಕೊಂಡೇ ಕೇಳ್ಬೋದು. ಖುಷಿನಾ?"

"ಖುಷಿ ಕಣ್ರೀ," ಎಂದಳು. ತನಗೆ ಬೇಕಿದ್ದದ್ದು ರೇಡಿಯೊ ಅಲ್ಲ ಎಂದು ಅವನಿಗೆ ಬಿಡಿಸಿ ಹೇಳುವ ಚೈತನ್ಯ ಅವಳಲ್ಲಿ ಉಳಿದಿರಲಿಲ್ಲ.

ಕೆಲವು ದಿನ ರೇಡಿಯೊ ಹಾಡಿತು, ಅವಳು ಬೆಂದಳು. ಆಮೇಲೊಂದು ಮಧ್ಯಾಹ್ನ, ರೇಡಿಯೊ ಸದ್ದು ಬರುತ್ತಿರುವಷ್ಟು ಹೊತ್ತೂ ತಾನು ಅಡುಗೆಮನೆಯಲ್ಲೇ ಇದ್ದೇನೆಂದು ಮನೆಯವರು ತಿಳಿದಿರುವುದು ಅವಳ ಗಮನಕ್ಕೆ ಬಂತು. ಆ ಗದ್ದಲದಲ್ಲಿ ಕೂಗು ಕೇಳಿಸಲಿಲ್ಲವೆಂದರೆ ಬಯ್ಯುವವರೂ ಇರಲಿಲ್ಲ. ದನಿ ಪೂರ್ತಿ ಏರಿಸಿದಳು. ಹಿತ್ತಿಲಿಗೆ ನಡೆದು, ಕಾಫಿ ಮೂಟೆ ಪೇರಿಸಿದ ಕೋಣೆ ಹೊಕ್ಕು, ಒಳಗಿನಿಂದ ಚಿಲಕ ಹಾಕಿಕೊಂಡಳು.

ಹಜಾರದಲ್ಲಿ ಮಲಗಿದ್ದ ದೇವೀರಪ್ಪ ತಾಯಿಗೆ ಹೆಮ್ಮೆಯಿಂದ ಹೇಳಿದ: "ನೋಡವ್ವ, ತಂದ್ಕೊಟ್ಟಾಗಿಂದ ಅಡುಗೆಮನೆ ಬುಟ್ಟು ಆಚೆಗೇ ಬರಾಕಿಲ್ಲ ಅವ್ಳು."