ಫ್ಯಾನ್ ಹಾಕ್ಬೇಡಿ ಚಿಕ್ಕಮ್ಮ!

ಹೋದ ವಾರ ಒಂದು ಮನೆಯ ಸೀಲಿಂಗು ನನ್ನನ್ನು ಮಾತಾಡಿಸಿತು. ‘ಏನತ್ತೆ, ಯಾವಾಗ ಬಂದ್ರಿ? ಕಾಫಿ ಕುಡುದ್ರಾ?’ ಅಂತು.

ನಗಬೇಡಿ. ನನಗೇನೂ ಆಗಿಲ್ಲ, ಚೆನ್ನಾಗಿಯೇ ಇದ್ದೇನೆ. ಕೋಪ ಮಾತ್ರ ಇನ್ನೂ ಇಳಿದಿಲ್ಲ.

ಉಪ್ಪಿನಕಾಯಿಗೆ ಮಾವಿನಕಾಯಿ ಬೇಕಿತ್ತು. ಕೈಲಾಂಚದ ಹತ್ತಿರ ನನ್ನ ಅಕ್ಕನ ಮಗಳು ಸವಿತಳ ಗಂಡನ ಮನೆ, ತೋಟದಲ್ಲಿ ಮರಗಳಿವೆ. ರಾಮನಗರದಿಂದ ಸ್ಕೂಟರ್ ಹತ್ತಿ ಹೊರಟೆ. ಮಟಮಟ ಮಧ್ಯಾಹ್ನ. ಅವರದು ಹೊಸದಾಗಿ ಕಟ್ಟಿಸಿದ ಆರ್‌ಸಿಸಿ ಮನೆ, ಇನ್ನೂ ಪೇಂಟಿನ ವಾಸನೆ ಹೋಗಿಲ್ಲ. ಒಳಗೆ ಕಾಲಿಟ್ಟರೆ ಕಾದ ಹಂಚಿನ ಮೇಲೆ ಕಾಲಿಟ್ಟ ಹಾಗೆ. ಸವಿತಾ ಮತ್ತು ಅವಳ ಅತ್ತೆ ಕೆಂಪಮ್ಮ ಹಾಲ್‌ನ ನೆಲದ ಮೇಲೆ ಕೂತು ಮೊರದಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. ತಲೆಯ ಮೇಲೆ ಫ್ಯಾನು ಸುಮ್ಮನೆ ನಿಂತಿತ್ತು.

‘ಕರೆಂಟ್ ಇಲ್ವೇನೇ?’ ಅಂದೆ.

‘ಐತೆ.’

ಐತೆ ಅಂದಮೇಲೆ ಇನ್ನೇನು? ಸ್ವಿಚ್ಚಿಗೆ ಕೈ ಹಾಕಿದೆ.

‘ಫ್ಯಾನ್ ಹಾಕ್ಬೇಡಿ ಚಿಕ್ಕಮ್ಮ!’ ಅಂತ ಸವಿತಾ ಕೂಗಿದಳು. ಅಷ್ಟರಲ್ಲಿ ಒತ್ತಿ ಆಗಿತ್ತು. ಕೆಂಪಮ್ಮ ಸರಕ್ಕನೆ ಸೆರಗು ಎಳೆದುಕೊಂಡರು. ಯಾರೋ ದೊಡ್ಡವರು ಬಂದ ಹಾಗೆ ಸವಿತಾ ಎದ್ದು ನಿಂತಳು. ಫ್ಯಾನಿನ ಪಕ್ಕದಲ್ಲಿ ಚಾವಣಿಗೆ ಅಂಟಿಕೊಂಡಿದ್ದ ಬಿಳಿ ಉಂಡೆಯೊಂದರಲ್ಲಿ ಪುಟ್ಟ ಕೆಂಪು ದೀಪ ಹತ್ತಿತು, ಆಮೇಲೆ ನೀಲಿ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕಾಫಿಯ ವಿಚಾರಣೆ ಬಂತು.

ಅದು ಕ್ಯಾಮೆರಾ. ಮಾತಾಡಿದ್ದು ಸವಿತಳ ಗಂಡ ನಾಗೇಶ. (ಹೆಸರು ಬದಲಾಯಿಸಿದ್ದೇನೆ. ಓದಿದರೆ ತಾನೇ ಅಂತ ಅವನಿಗೆ ಗೊತ್ತಾಗುತ್ತದೆ. ಗೊತ್ತಾಗಲಿ.) ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಟೀ ಬ್ರೇಕಿನಲ್ಲಿ ಮೊಬೈಲ್ ತೆಗೆದು ಮನೆ ನೋಡುತ್ತಾನೆ, ಬೇಕಾದರೆ ಮಾತೂ ಆಡುತ್ತಾನೆ.

‘ಸವಿ, ಬೆಳಿಗ್ಗೆಯಿಂದ ಏನೂ ಕಾಣ್ಲಿಲ್ಲ. ಕರೆಂಟ್ ಈಗ ಬಂತಾ?’ ಅಂತು ಸೀಲಿಂಗು.

‘ಹ್ಞೂಂ, ಈಗ್ಲೇ ಬಂತು’ ಅಂದಳು ನಮ್ಮ ಹುಡುಗಿ, ಮುಖ ಮೇಲೆತ್ತಿಕೊಂಡು.

ತನ್ನ ಮನೆಯಲ್ಲಿ, ತನ್ನ ಫ್ಯಾನಿನ ಕೆಳಗೆ ನಿಂತು, ಚಾವಣಿಗೆ ಸುಳ್ಳು ಹೇಳುವ ಗತಿ ಯಾಕೆ ಬಂತು ಇವಳಿಗೆ?

ಬ್ರೇಕ್ ಮುಗಿದು ದನಿ ನಿಂತಿತು. ಕೆಂಪಮ್ಮ ತಾವೇ ಎದ್ದು ಸ್ವಿಚ್ ಆಫ್ ಮಾಡಿ ಕತೆ ಹೇಳಿದರು. ಕ್ಯಾಮೆರಾ ಹಾಕಲು ಬಂದ ಎಲೆಕ್ಟ್ರಿಷಿಯನ್, ಬೇರೆ ವೈರ್ ಎಳೆಯಬೇಕಾದರೆ ಗೋಡೆ ಕೊರೆಯಬೇಕು ಅಂದನಂತೆ. ‘ಹೊಸ ಪೇಂಟು, ಗೋಡೆ ಮುಟ್ಟಂಗಿಲ್ಲ’ ಅಂದ ನಾಗೇಶ. ಸರಿ, ಫ್ಯಾನಿನ ವೈರಿನಿಂದಲೇ ಕ್ಯಾಮೆರಾಗೂ ಕರೆಂಟು ಕೊಟ್ಟು, ರೆಗ್ಯುಲೇಟರ್ ಕಿತ್ತು ಡೈರೆಕ್ಟ್ ಮಾಡಿ ಹೋದ. ಅಂದರೆ ಫ್ಯಾನು ತಿರುಗಿದರೆ ಕ್ಯಾಮೆರಾ ಕಣ್ಣು ಬಿಡುತ್ತದೆ, ನಿಂತರೆ ಮುಚ್ಚುತ್ತದೆ. ಅತ್ತೆ ಸೊಸೆ ಅದನ್ನು ಕಂಡುಕೊಂಡ ದಿನದಿಂದ, ಅವನು ಡ್ಯೂಟಿಗೆ ಹೊರಟ ಮೇಲೆ ಫ್ಯಾನು ಬಂದ್! ಕೇಳಿದರೆ ‘ಕರೆಂಟ್ ಇರ್ಲಿಲ್ಲ.’ ಪಾಪ, ಲೈನ್‌ಮನ್‌ಗೆ ಫೋನ್ ಮಾಡಿ ಎರಡು ಸಲ ಬೈದಿದ್ದಾನಂತೆ ಮಹಾರಾಯ.

‘ನಿಮ್ಮ ಮಗನೇ ಅಲ್ವಾ, ಬೇಡ ಅನ್ನಬಾರ್ದಾ?’ ಅಂದೆ ಕೆಂಪಮ್ಮನಿಗೆ.

‘ಅಂದೆ ಕಣ್ ಬೀಗ್ತಿ. ನಿಮ್ ಸೇಫ್ಟಿಗೆ ಕಣವ್ವ ಅಂತಾನೆ. ಸೆಕೆಗೆ ಒಸಿ ಸೆರಗು ಸಡ್ಲ ಮಾಡ್ಕಂಡು ಒರಗಂಗಿಲ್ಲ. ನಾ ಹೆತ್ತಿರೋ ಮಗ, ಅವನೊಬ್ನೇ ಆದ್ರೆ ನೋಡ್ಲಿ ಬುಡು ಅನ್ಬೋದು. ಅವನ ಮೊಬೈಲು ಪಕ್ಕದೋರೂ ನೋಡ್ತಾರಲ್ಲ!’

‘ಸಂತೆಗೆ ಹೋಗಿದ್ದಾ, ಯಾರ ಜೊತೆ ಅಷ್ಟೊತ್ತು ಮಾತಾಡ್ತಿದ್ದೆ, ಬಟ್ಟೆ ಯಾಕೆ ಮಡಚಿಲ್ಲ, ಫ್ಯಾನ್ ತಿರುಗಿದ ದಿನ ಎಲ್ಲ ಕೇಳ್ತಾರೆ ಚಿಕ್ಕಮ್ಮ’ ಅಂದಳು ಸವಿತಾ. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ‘ಕರೆಂಟ್ ನಿಜವಾಗ್ಲೂ ಹೋದ್ರೆ ನಮಗೆ ಹಬ್ಬ, ಸುಳ್ಳು ಹೇಳೋದು ತಪ್ಪುತ್ತೆ’ ಅಂತ ನಕ್ಕುಬಿಟ್ಟಳು.

ನೀವೇ ಹೇಳಿ, ಇದಕ್ಕೆ ಸೇಫ್ಟಿ ಅನ್ನುತ್ತಾರಾ? ಕಳ್ಳ ಬರುವುದು ಬಾಗಿಲಿಂದ. ಬಾಗಿಲಿಗೆ ಹಾಕಿಸು, ಗೇಟಿಗೆ ಹಾಕಿಸು, ಯಾರು ಬೇಡ ಅಂದರು? ಅಂಗಡಿಗೆ ಹಾಕುತ್ತಾರೆ, ಅದೂ ಸರಿ. ಈ ಕ್ಯಾಮೆರಾದ ಮುಖ ಇರುವುದು ಚಾಪೆಯ ಕಡೆ, ಅಡುಗೆಮನೆ ಬಾಗಿಲ ಕಡೆ. ಯಾವ ಕಳ್ಳ ಬಂದು ಅಲ್ಲಿ ಬಟ್ಟೆ ಮಡಚುತ್ತಾನೆ?

ನನ್ನ ಪಿತ್ತ ನೆತ್ತಿಗೇರಿದ್ದು ಇನ್ನೊಂದು ಕಾರಣಕ್ಕೆ. ಇದೇ ನಾಗೇಶ ಯುಗಾದಿಗೆ ನಮ್ಮ ಮನೆಗೆ ಬಂದವನು, ಹೋಳಿಗೆ ತಟ್ಟೆ ಮುಂದೆ ಕೂತು ಫ್ಯಾಕ್ಟರಿಯ ಸಂಕಟ ಹೇಳಿಕೊಂಡಿದ್ದ. ‘ತಲೆ ಮೇಲೆ ಕ್ಯಾಮೆರಾ ಹಾಕವ್ರೆ ಅತ್ತೆ. ಒಂದಕ್ಕೆ ಹೋಗಿ ಬಂದ್ರೂ ಸೂಪರ್‌ವೈಸರ್ ಟೈಮ್ ಕೇಳ್ತಾನೆ. ಮನುಷ್ಯರಲ್ವಾ ನಾವು?’ ಅಂದಿದ್ದ. ಅಯ್ಯೋ ಪಾಪ ಅಂತ ಇನ್ನೊಂದು ಹೋಳಿಗೆ ಬಡಿಸಿದ್ದೆ. ಆ ಹೋಳಿಗೆ ಈಗ ನೆನಪಾಗಿ ಮೈಯೆಲ್ಲ ಉರಿಯಿತು.

ಎದ್ದು ಫ್ಯಾನ್ ಹಾಕಿದೆ. ಕೆಂಪು ದೀಪ, ನೀಲಿ ದೀಪ. ಅವನು ಕೆಲಸದಲ್ಲಿದ್ದರೂ ಇದು ರೆಕಾರ್ಡ್ ಮಾಡಿಕೊಳ್ಳುತ್ತದಂತೆ. ಮಾಡಿಕೊಳ್ಳಲಿ ಅಂತ ಸೊಂಟಕ್ಕೆ ಕೈ ಕೊಟ್ಟು ಸೀಲಿಂಗ್ ನೋಡಿಕೊಂಡು ಬೈದೆ. ‘ಕರೆಂಟೂ ಹೋಗಿಲ್ಲ, ಮಣ್ಣೂ ಹೋಗಿಲ್ಲ ಕಣಯ್ಯ. ನಿನ್ನ ಕಣ್ಣು ತಪ್ಪಿಸೋಕೆ ನಿನ್ನ ಹೆಂಡ್ತಿ, ನಿಮ್ಮಮ್ಮ ಫ್ಯಾನಿಲ್ಲದೆ ಬೇಯ್ತಾ ಕೂತಿದ್ದಾರೆ. ನಾಚಿಕೆ ಆಗಲ್ವಾ?’ ಕೆಂಪಮ್ಮ ‘ಬುಡಿ ಬೀಗ್ತಿ, ಬುಡಿ’ ಅನ್ನುತ್ತಿದ್ದರು. ನಾನು ಬಿಡಲಿಲ್ಲ. ದೊಡ್ಡ ನ್ಯಾಯ ಮಾಡಿದವಳ ಹಾಗೆ ಮಾವಿನಕಾಯಿ ಚೀಲ ಸ್ಕೂಟರಿಗೆ ಕಟ್ಟಿಕೊಂಡು ಬಂದೆ.

ಮೊನ್ನೆ ಭಾನುವಾರ ನಾಗೇಶ ನಮ್ಮ ಮನೆ ಬಾಗಿಲಲ್ಲಿ ಪ್ರತ್ಯಕ್ಷ. ಜಗಳಕ್ಕೆ ಬಂದನೇನೋ ಅಂದುಕೊಂಡೆ. ಮುಖದ ತುಂಬ ನಗು, ಕೈಯಲ್ಲಿ ಇನ್ನೊಂದು ಚೀಲ ಮಾವಿನಕಾಯಿ.

‘ವಿಡಿಯೋ ನೋಡ್ದೆ ಅತ್ತೆ. ಸೆಕೆ ಅಂತ ಮೊದ್ಲೇ ಹೇಳ್ಬಾರ್ದಿತ್ತಾ ಇವ್ರು? ಪ್ರಾಬ್ಲಮ್ ಸಾಲ್ವ್ ಮಾಡ್ಬುಟ್ಟೆ. ಗೋಡೆ ಕೊರ್ಸಿ ಬೇರೆ ಲೈನ್ ಎಳ್ಸಿವ್ನಿ. ಈಗ ಫ್ಯಾನೇ ಬೇರೆ, ಕ್ಯಾಮೆರಾನೇ ಬೇರೆ. ಯುಪಿಎಸ್‌ಗೂ ಕೊಡ್ಸಿವ್ನಿ, ಕರೆಂಟ್ ಹೋದ್ರೂ ನಡೀತದೆ.’

ಕೇಳಿದಿರಾ? ಅಷ್ಟು ಬೈದದ್ದರಲ್ಲಿ ಅವನ ಕಿವಿಗೆ ಬಿದ್ದದ್ದು ಸೆಕೆ ಒಂದೇ. ಅವತ್ತು ಮುಟ್ಟಬಾರದಿದ್ದ ಹೊಸ ಪೇಂಟಿನ ಗೋಡೆಯನ್ನು ಈಗ ಕ್ಯಾಮೆರಾ ಕಣ್ಣು ಮುಚ್ಚಬಾರದು ಅಂತ ಕೊರೆಸಿದ್ದಾನೆ. ಅಡುಗೆಮನೆ ಬಲ್ಬಿಗೆ ಯುಪಿಎಸ್ ಇದೆಯೇನಪ್ಪ ಅಂದರೆ, ‘ಅದ್ಯಾಕತ್ತೆ, ಮೊಬೈಲ್ ಟಾರ್ಚ್ ಐತಲ್ಲ’ ಅಂದ.

ಅವನನ್ನು ಕೂರಿಸಿ ಒಳಗೆ ಹೋಗಿ ಕೆಂಪಮ್ಮನಿಗೆ ಫೋನ್ ಮಾಡಿದೆ. ಅವರಿಗೆ ಇದ್ದದ್ದು ಆ ಒಂದು ಸ್ವಿಚ್ಚು. ನನ್ನ ಬಾಯಿಂದ ಅದೂ ಹೋಯಿತು ಅಂತ ದುಃಖ ಒತ್ತಿ ಬಂತು.

‘ಫ್ಯಾನ್ ಗಾಳಿ ಚೆನ್ನಾಗ್ ಬತ್ತದೆ ಬೀಗ್ತಿ’ ಅಂದರು ಅವರು, ಬೈಯದೆ. ‘ನಾವಿಬ್ರೂ ಹಿತ್ಲಲ್ಲಿ, ದನದ ಕೊಟ್ಟಿಗೇಲಿ ಕುಂತಿವಿ.’

ಹೊರಗೆ ಬಂದೆ. ಅಳಿಯ ದೇವರು ಮೊಬೈಲ್ ನೋಡುತ್ತ, ‘ಎಲ್ಲೋದ್ರು ಇವ್ರಿಬ್ರೂ?’ ಅಂತ ಹುಡುಕುತ್ತಿದ್ದ. ಪರದೆಯ ಮೇಲೆ ಖಾಲಿ ಹಾಲ್, ನೆಲದಲ್ಲಿ ಗಿರಗಿರ ತಿರುಗುವ ಫ್ಯಾನಿನ ನೆರಳು. ಈ ಸಲ ಬೈಯಲಿಲ್ಲ. ಕಾಫಿ ಕೊಟ್ಟು, ಎದುರು ಕೂತು ಒಂದೇ ಒಂದು ಮಾತು ಕೇಳಿದೆ.

‘ಫ್ಯಾಕ್ಟರಿ ಕ್ಯಾಮೆರಾ ಕೆಳಗೆ ನಿನ್ನ ಶಿಫ್ಟು ಮೂರು ಗಂಟೆಗೆ ಮುಗಿಯುತ್ತೆ ಕಣಪ್ಪ. ಸವಿತಳದು ಎಷ್ಟು ಗಂಟೆಗೆ?’