ಗೋಲಿನೊಳಗಿನ ಹಸಿ ಮಣ್ಣು

ಹೋದ ವಾರ ನನ್ನ ಮೊಮ್ಮಗ ಒಂದು ಜೊತೆ ಕೈಗವಸು ತಂದು ಊಟದ ಮೇಜಿನ ಮೇಲೆ ಇಟ್ಟ. ಫುಟ್‌ಬಾಲ್ ಗೋಲ್‌ಕೀಪರ್‌ಗಳು ಹಾಕಿಕೊಳ್ಳುವಂಥವು. ಹೊಸ ರಬ್ಬರಿನ ವಾಸನೆ ಮನೆಯೆಲ್ಲ ತುಂಬಿತು. ಸೊಸೆ ಮೂಗು ಮುಚ್ಚಿಕೊಂಡು ಬೈದಳು. ನನಗೆ ಆ ವಾಸನೆಗೆ ನಿಪ್ಪಾಣಿಯ ನಮ್ಮ ಓಣಿ ನೆನಪಾಯಿತು. ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಮನೆ, ಆ ಮನೆಯ ಕಟ್ಟೆ, ಕಟ್ಟೆಯ ಮೇಲೆ ಕುಳಿತು ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಅಂಗೈಗೆ ಸುತ್ತಿಕೊಳ್ಳುತ್ತಿದ್ದ ಆ ಮನುಷ್ಯ...

ಓಣಿಯವರೆಲ್ಲ ಅವನನ್ನು ಕೀಪರ್ ಎಂದೇ ಕರೆಯುತ್ತಿದ್ದರು. ನನಗೆ ಕೀಪರಣ್ಣ. ಬಾಗಿಲಲ್ಲಿ ಬಗ್ಗಿ ಒಳಗೆ ಬರಬೇಕಾದಷ್ಟು ಎತ್ತರದ ಆಳು. ಹಗಲೆಲ್ಲ ಊರಿನ ಸಾವಕಾರನ ತಂಬಾಕಿನ ವಖಾರಿಯಲ್ಲಿ ಚೀಲ ಹೊರುತ್ತಿದ್ದ, ಸಂಜೆ ನಮ್ಮ ಮನೆಯ ಹಿಂದಿನ ಮೈದಾನದಲ್ಲಿ ಗೋಲು ಕಾಯುತ್ತಿದ್ದ. ಮನೆಯಲ್ಲಿ ಮುದುಕಿ ತಾಯಿ, ನಾವೆಲ್ಲ ಆಯಿ ಅನ್ನುತ್ತಿದ್ದೆವು. ಹೆಂಡತಿ ಕಾಗವಾಡದವಳು, ದ್ರಾಕ್ಷಿ ತೋಟದವರ ಮನೆಯ ಮಗಳು, ಮಾತಿನಲ್ಲಿ ಯಾರಿಗೂ ಸೋಲದವಳು. ನನಗೆ ಅವಳು ವೈನಿ, ಅಂದರೆ ಅತ್ತಿಗೆ. ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನು ಮದುವೆಯ ವಯಸ್ಸಿಗೆ ಬಂದ ಹುಡುಗಿ, ಹೊರಗೆ ಹೆಚ್ಚು ಬಿಡುತ್ತಿರಲಿಲ್ಲ. ನಮ್ಮ ಮಾಳಿಗೆಯ ಮೇಲೆ ನಿಂತರೆ ಮಾತ್ರ ಇಡೀ ಮೈದಾನ ಕಾಣುತ್ತಿತ್ತು. ಹೀಗಾಗಿ ಓಣಿಯ ಗಂಡಸರಷ್ಟೇ ಫುಟ್‌ಬಾಲ್ ನಾನೂ ನೋಡಿದ್ದೇನೆ, ಅವರಿಗಿಂತ ತಣ್ಣಗೆ ನೋಡಿದ್ದೇನೆ.

ನಮ್ಮ ಓಣಿಯ ಕ್ಲಬ್ಬು ಗಡಿಭಾಗದ ಲೀಗಿನಲ್ಲಿ ಎ ಡಿವಿಜನ್ನಿನಲ್ಲಿತ್ತು. ಆಟಕ್ಕಿಂತ ಅದರ ದೌಲತ್ತು ದೊಡ್ಡದು. ಕೊಲ್ಲಾಪುರಕ್ಕೆ ಆಡಲು ಹೋದರೆ ಹನ್ನೊಂದು ಮಂದಿಗೆ ಒಂದು ಬಸ್ಸು, ಕೂಗಲು ಹೋಗುವವರಿಗೆ ಎರಡು ಬಸ್ಸು. ಗೆದ್ದರೆ ಗುಲಾಲು, ಹಲಗಿ ಬಡಿತ, ಕುರಿ ಊಟ. ಸೋತರೂ ಕುರಿ ಊಟ. ಎಲ್ಲದಕ್ಕೂ ದುಡ್ಡು ಕೊಡುತ್ತಿದ್ದವನು ಸಾವಕಾರ. ಧಾರಾಳ ಕೈ, ಆದರೆ ಕೊಟ್ಟದ್ದನ್ನು ಮರೆಯುವ ಕೈ ಅಲ್ಲ. ಆ ವರ್ಷ ಕ್ಲಬ್ಬು ಒಂದಾದ ಮೇಲೊಂದು ಮ್ಯಾಚ್ ಸೋತು ಪಟ್ಟಿಯ ತಳಕ್ಕೆ ಬಂದಾಗ ಅವನು ಕಮಿಟಿಯವರನ್ನು ಕರೆಸಿ ಒಂದೇ ಮಾತು ಹೇಳಿದ. ಎ ಡಿವಿಜನ್ನಿನಲ್ಲಿ ಉಳಿದರೆ ಸಾಲದ ಮಾತು ಎತ್ತುವುದಿಲ್ಲ, ಬಿ ಡಿವಿಜನ್ನಿಗೆ ಬಿದ್ದರೆ ಕ್ಲಬ್ಬಿನ ಖೋಲಿ ತನ್ನದು. ಆ ಖೋಲಿ ನಮ್ಮ ಅಜ್ಜಂದಿರು ತಾವೇ ಕಲ್ಲು ಹೊತ್ತು ಕಟ್ಟಿದ್ದು.

ಉಳಿದದ್ದು ಒಂದೇ ಮ್ಯಾಚ್. ನಮ್ಮದೇ ಮೈದಾನ. ಗೆಲ್ಲಬೇಕೆಂದೂ ಇರಲಿಲ್ಲ, ಸಮ ಆದರೆ ಸಾಕಿತ್ತು. ಎದುರಿಗೆ ಬರುವವರು ಕಾಗವಾಡದವರು.

ಅಲ್ಲಿಂದ ಶುರುವಾಯಿತು ನೋಡಿ. ಓಣಿಯ ಹುರುಪಿನ ಹುಡುಗರಿಗೆಲ್ಲ ಮುಂದಾಳಾಗಿದ್ದವನು ಸೈಕಲ್ ಅಂಗಡಿಯವನು. ಹಲಗಿ ಅವನದೇ, ಗುಲಾಲಿನ ಚೀಲವೂ ಅವನದೇ. ಮ್ಯಾಚಿಗೆ ಮುಂಚಿನ ದಿನ ಕೀಪರಣ್ಣನ ಕಟ್ಟೆಯ ಮುಂದೆ ಬಂದು ನಿಂತ.

“ಏನ್ ಅಳಿಯಂದ್ರ, ಮಾವನ ಊರಾವ್ರು ಬರಾಕತ್ತಾರ. ಆಯೇರಿ ಏನ್ ಕೊಡವ್ರು?”

ಬೀಗರ ಉಡುಗೊರೆಯ ಮಾತು ಕೇಳಿ ಜೊತೆಗಿದ್ದವರು ನಕ್ಕರು. ಕೀಪರಣ್ಣನೂ ನಕ್ಕ. ಸೈಕಲ್ ಅಂಗಡಿಯವನು ನಗು ನಿಲ್ಲಿಸಿ, “ಒಂದ ಗೋಲ ಒಳಗ ಹೋತಂದ್ರ ಅದನ್ನ ಯಾವ ಊರ ಅಳಿಯಾ ಬಿಟ್ಟ ಅಂತ ನಮಗ ಗೊತ್ತಾಕ್ಕೈತಿ. ಆಮ್ಯಾಲ ಈ ಓಣ್ಯಾಗ ಹೆಂಗ ಬಾಳೇ ಮಾಡ್ತಿ ನೋಡ್ಕೋ” ಅಂದ.

“ಹೋಗೂದಿಲ್ಲ ಬಿಡೋ” ಅಂದ ಕೀಪರಣ್ಣ, ಟ್ಯೂಬು ಕತ್ತರಿಸುತ್ತಲೇ. ಹೆಂಡತಿಯ ಊರು ಯಾವುದೆಂಬುದು ಅಂದಿನವರೆಗೆ ಚೇಷ್ಟೆಯ ಮಾತಾಗಿತ್ತು. ಅಂದಿನಿಂದ ಅದು ಅವನ ಗುನ್ನೆಯಾಯಿತು. ವೈನಿ ನಮ್ಮ ಅವ್ವನ ಮುಂದೆ ಕುಳಿತು, “ತವರವ್ರು ಸೋಲ್ಲಿ ಅಂತ ಉಪಾಸ ಹಿಡದೇನ್ರಿ ಕಾಕು. ಲೋಕದಾಗ ಯಾವಾಕೀರೆ ಹಿಡದಾಳೇನು ಇಂಥಾ ಉಪಾಸಾ?” ಎಂದು ಕಣ್ಣು ಒರೆಸಿಕೊಂಡದ್ದು ನೆನಪಿದೆ.

ನಮ್ಮ ಕ್ಲಬ್ಬಿನವರಿಗೆ ಆಟದ ಮೇಲೆ ಎಷ್ಟು ನಂಬಿಕೆಯೋ ಮಂತ್ರದ ಗಂಟಿನ ಮೇಲೆ ಅದಕ್ಕಿಂತ ಹೆಚ್ಚು. ದೊಡ್ಡ ಮ್ಯಾಚ್ ಬಂತೆಂದರೆ ಭೋಜ ಎಂಬ ಊರಿನ ಕಡೆಯ ಒಬ್ಬ ಮಂತ್ರವಾದಿ ಮುದುಕನ ಹತ್ತಿರ ಹೋಗಿ ಗಂಟು ಕಟ್ಟಿಸಿಕೊಂಡು ಬರುವ ಪದ್ಧತಿ. ಲಿಂಬಿಕಾಯಿ, ಭಂಡಾರ, ಒಂದು ಕಬ್ಬಿಣದ ಮೊಳೆ, ಯಡೂರು ವೀರಭದ್ರನ ಅಂಗಾರದ ಬೂದಿ, ಎಲ್ಲ ಕೂಡಿಸಿ ಕೆಂಪು ಅರಿವೆಯಲ್ಲಿ ಕಟ್ಟಿದ್ದು. ಎದುರಿನವರ ಕೀಪರ್ ನಿಲ್ಲುವ ಜಾಗದಲ್ಲಿ ಅದನ್ನು ಹುಗಿದರೆ ಅವನ ಕಾಲು ಏಳುವುದಿಲ್ಲವಂತೆ. ಇದು ಗುಟ್ಟೇನಲ್ಲ. ಲಿಂಬಿಕಾಯಿ ನಮ್ಮ ಮನೆಯಿಂದಲೇ ಹೋಗಿತ್ತು. ಕೀಪರಣ್ಣನಿಗೂ ಗೊತ್ತಿತ್ತು. ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಅದಕ್ಕೂ ಕಾಗವಾಡದ ಹೆಸರೇ ಬರುತ್ತಿತ್ತು.

ಮ್ಯಾಚಿನ ದಿನ ಟಾಸ್ ಆದೊಡನೆ ಕಾಗವಾಡದ ಕೀಪರ್ ನಮ್ಮ ಮಾಳಿಗೆಯ ಬುಡದ ಗೋಲಿಗೆ ಬರುವುದು ತಿಳಿಯಿತು. ಅವನು ಅಲ್ಲಿಗೆ ಬರುವಷ್ಟರಲ್ಲಿ ಸೈಕಲ್ ಅಂಗಡಿಯವನು ಕಾಯಿ ಒಡೆಯುವ ನೆವ ಮಾಡಿ ಗಂಟು ಹುಗಿದು ಬಂದಿದ್ದ. ಮೊದಲರ್ಧದಲ್ಲಿ ಯಾರಿಗೂ ಗೋಲು ಆಗಲಿಲ್ಲ. ಕೀಪರಣ್ಣ ಆ ಕಡೆಯ ಗೋಲಿನಲ್ಲಿ ಎರಡು ಸಲ ಗಾಳಿಯಲ್ಲಿ ಅಡ್ಡ ಹಾರಿ ಬಾಲ್ ಹಿಡಿದ. ಅವನ ಅಂಥ ಆಟ ನಾನು ಮುಂಚೆ ಕಂಡಿರಲಿಲ್ಲ. ಆದರೆ ಜೈಕಾರ ಬಿದ್ದದ್ದು ಗಂಟಿಗೆ. “ಗಂಟ ಹಿಡದೈತಿ, ಗಂಟ ಹಿಡದೈತಿ” ಎಂದು ಹುಡುಗರು ಕುಣಿದರು.

ಫುಟ್‌ಬಾಲಿನಲ್ಲಿ ಅರ್ಧ ಆಟ ಆದ ಮೇಲೆ ಗೋಲು ಬದಲಾಗುತ್ತದೆ. ನಮ್ಮವನೇ ಈಗ ಗಂಟಿನ ಮೇಲೆ ನಿಲ್ಲಬೇಕು! ಆಟಗಾರರೂ ರೆಫ್ರಿಯೂ ಆ ಬದಿಯ ಗಿಡದ ಕೆಳಗೆ ಚಹಾ ಕುಡಿಯುತ್ತಿದ್ದಾಗ ನಮ್ಮ ಶಾಣ್ಯಾರು ಗಡಬಡಿಸಿ ಬಂದು ಅಗೆಯತೊಡಗಿದರು. ಹುಗಿದ ಜಾಗ ಸರಿಯಾಗಿ ಸಿಗದೆ ಅಲ್ಲಿ ಇಲ್ಲಿ ಕೆದರಿದರು. ಗಂಟು ಸಿಕ್ಕಿತು. ಒಬ್ಬ ಅದನ್ನು ಆಚೆಯ ಗೋಲಿನಲ್ಲಿ ಹುಗಿಯಲು ಓಡಿದ. ಉಳಿದವರು ತಗ್ಗಿನೊಳಗೆ ಮಣ್ಣು ನೂಕಿ, ಗುರುತು ಕಾಣಬಾರದೆಂದು ಮೇಲೆ ಎರಡು ಕೊಡ ನೀರು ಸುರಿದರು.

ನನ್ನ ಪಕ್ಕ ನಿಂತಿದ್ದ ಅವ್ವ, “ಅಯ್ಯ, ನೀರ್ಯಾಕ ಹಾಕಾಕತ್ತಾರ? ಬದನಿ ಸಸಿ ಹಚ್ಚಾವ್ರೇನು?” ಅಂದಳು. ಮಾಳಿಗೆಯ ಮೇಲಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕೆವು.

ಎರಡನೆಯ ಅರ್ಧ ಮುಗಿಯುತ್ತ ಬಂದಿತ್ತು. ಇನ್ನೂ ಸಮ. ಸಾವಕಾರ ಕುರ್ಚಿಯಿಂದ ಎದ್ದು ಹೆಗಲ ಮೇಲಿನ ಟಾವೆಲ್ ಸರಿಮಾಡಿಕೊಳ್ಳುತ್ತಿದ್ದ. ಹಲಗಿ ಕಾಯಿಸಲು ಹುಡುಗರು ಬೆಂಕಿ ಹಾಕಿದ್ದರು. ಆಗ ಕಾಗವಾಡದ ಉದ್ದ ಕೂದಲಿನ ಆಟಗಾರನೊಬ್ಬ ದೂರದಿಂದ ಒಂದು ಬಾಲ್ ಒದ್ದ. ಒದ್ದ ಅನ್ನುವುದೂ ಹೆಚ್ಚು, ತಳ್ಳಿದ. ನಾನೇ ನಿಂತಿದ್ದರೂ ಹಿಡಿಯಬಹುದಾದ ಬಾಲ್. ಅದು ಉರುಳುತ್ತ ಬಂತು. ಕೀಪರಣ್ಣ ಬಲಕ್ಕೆ ಒಂದು ಹೆಜ್ಜೆ ಇಟ್ಟ. ಕಾಲು ಪಾದದ ಮೇಲಿನವರೆಗೆ ಮಣ್ಣೊಳಗೆ ಇಳಿಯಿತು. ಮೈ ಒಂದು ಕಡೆ ತಿರುಗಿತು, ಕಾಲು ಅಲ್ಲೇ ಉಳಿಯಿತು. ಅವನು ಬಿದ್ದ. ಬಾಲ್ ಅವನ ಮುಖದ ಮುಂದೆಯೇ ಸಾವಕಾಶ ಉರುಳಿಕೊಂಡು ಗೆರೆ ದಾಟಿತು...

ಹೊರಗೆ ನಿಂತಿದ್ದವರು ಒಳಗೆ ನುಗ್ಗಿದರು. ಎತ್ತಲು ಹೋದರು ಅಂತಲೇ ನಾನು ಅಂದುಕೊಂಡೆ. ಅವರು ಒದೆಯತೊಡಗಿದರು. ಮೊಣಕಾಲು ಹಿಡಿದುಕೊಂಡು ಮಲಗಿದ್ದ ಮನುಷ್ಯನನ್ನು, ದಿನಾ ಅವನ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದವರು ಒದ್ದರು. ಬಿಡಿಸಿಕೊಂಡವರು ಕಾಗವಾಡದ ಆಟಗಾರರು. ಅದೇ ಸಾಕ್ಷಿಯಾಯಿತು. “ನೋಡ್ರಿ, ಅಳಿಯಾಗ ಹೆಂಗ ಅಡ್ಡ ಬಂದ್ರು!”

ಮರುದಿನ ಅವ್ವ ತಲೆಯ ಮೇಲೆ ಸೆರಗು ಹೊದ್ದು ಕ್ಲಬ್ಬಿನ ಬಾಗಿಲಿಗೆ ಹೋದಳು. ಅಲ್ಲಿಗೆ ಯಾವ ಹೆಂಗಸೂ ಎಂದೂ ಹೋದದ್ದಿರಲಿಲ್ಲ. ನಾನು ಅವಳ ಹಿಂದೆ ನಿಂತಿದ್ದೆ.

“ನೀವು ಅಗದ ತಗ್ಗಿನಾಗ ಅವನ ಕಾಲ ಸಿಕ್ಕೈತಿ. ಕಣ್ಣಾರೆ ನೋಡೇನಿ” ಅಂದಳು.

ಸೈಕಲ್ ಅಂಗಡಿಯವನು ಎದ್ದು ಕೈ ಮುಗಿದ. ದೊಡ್ಡವರಿಗೆ ಮರ್ಯಾದೆ ಕೊಡುವುದರಲ್ಲಿ ಅವನದು ಎತ್ತಿದ ಕೈ. “ಕಾಕು, ದೇವರ ಅಂಗಾರ ಇಟ್ಟ ಜಾಗಾ ಅದು. ಕಾಗವಾಡದ ಕೀಪರ್ ಅರ್ಧ ಮ್ಯಾಚ್ ಅಲ್ಲೇ ನಿಂತಿದ್ದಾ, ಬಿದ್ದನೇನ್ರಿ? ನಮ್ಮಂವ ಬಿದ್ದ ಅಂದ್ರ ನಮ್ಮಂವನ ಮನಸಿನಾಗನ ಪಾಪ ಐತಿ.”

ಒಳಗಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಅವರಲ್ಲಿ ನೀರಿನ ಕೊಡ ತಂದವರೂ ಇದ್ದರು. ತಗ್ಗು ತೋಡಿದವರು ತಾವು ಎಂದು ಒಪ್ಪಿದರೆ ಖೋಲಿ ಕಳೆದವರೂ ತಾವೇ ಆಗುತ್ತಿದ್ದರು. ಅದಕ್ಕಿಂತ ಒಬ್ಬ ಹಮಾಲನನ್ನು ದ್ರೋಹಿಯೆನ್ನುವುದು ಸೋವಿ. ಮಂದಿ ಕೆಟ್ಟವರಾಗುವುದಕ್ಕೆ ಮಂತ್ರವಾದಿ ಬೇಕಿಲ್ಲ, ಗುಂಪು ಇದ್ದರೆ ಸಾಕು. ನನ್ನ ಈ ಮಾತು ಕಟುವಾಗಿದ್ದರೆ ಇರಲಿ.

ಎರಡು ದಿನ ಬಿಟ್ಟು ಅವನ ಬಾಗಿಲಿಗೆ ಒಂದು ಡಜನ್ ಹಸಿರು ಬಳೆ ಕಟ್ಟಿ ಹೋದರು. ನಮ್ಮ ಕಡೆ ಗಂಡಸಿಗೆ ಬಳೆ ಕಳಿಸಿದರೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ವೈನಿ ಹೊರಗೆ ಬಂದಳು. ಓಣಿಯ ಕೊನೆಯಲ್ಲಿ ನಿಂತು ನೋಡುತ್ತಿದ್ದವರಿಗೆ ಕಾಣುವಂತೆ ಬಳೆಗಳನ್ನು ಒಂದೊಂದಾಗಿ ಬಿಚ್ಚಿ ತನ್ನ ಕೈಗೆ ಏರಿಸಿಕೊಂಡಳು. “ನನ್ನ ಅಳತೀವನ ತಂದೀರಿ. ಈ ಓಣ್ಯಾಗ ಯಾರೂ ನನಗ ಬಳಿ ಇಡಸಿರಲಿಲ್ಲ, ಭಾಳ ಉಪಕಾರ ಆತು” ಅಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಅವಳು ಅತ್ತದ್ದು ನಮ್ಮ ಗೋಡೆಗೆ ಕೇಳುತ್ತಿತ್ತು.

ಸಾವಕಾರ ಖೋಲಿಗೆ ತನ್ನ ಕೀಲಿ ಹಾಕಿ ತಂಬಾಕು ತುಂಬಿಸಿದ. ಕೀಪರಣ್ಣನನ್ನು ವಖಾರಿಯಿಂದ ಬಿಡಿಸಿದ. ಮೊಣಕಾಲು ನೆಟ್ಟಗಾಗದ ಹಮಾಲ ಹೇಗೂ ಅವನಿಗೆ ಬೇಕಿರಲಿಲ್ಲ. ಹೊರಡುವ ದಿನ ಕೀಪರಣ್ಣ ಕೋಲು ಊರಿಕೊಂಡು ನಮ್ಮ ಮನೆಗೆ ಬಂದ. ಇಲ್ಲಿ ಕೆಲಸ ಇಲ್ಲ, ಹೆಂಡತಿಯ ಮನೆಯವರ ದ್ರಾಕ್ಷಿ ತೋಟ ಕಾಯಲು ಹೋಗುತ್ತಿದ್ದ. ಅವ್ವ, “ಅವ್ರ ತಗ್ಗ ಅಗದಿದ್ರು ಅಂತ ನೀ ಒಂದ ಮಾತರೆ ಯಾಕ ಅನಲಿಲ್ಲೋ?” ಎಂದು ಕೇಳಿದಳು.

“ಬಿಡ್ರಿ ಕಾಕು” ಅಂದ. “ನನ್ನ ಗೋಲ ಉಳೀಲಿ ಅಂತನ ಅಗದಿದ್ರು ಅವ್ರು.”

ಅವನ ಈ ಒಳ್ಳೆಯತನಕ್ಕೆ ನನಗೆ ಆಗಲೂ ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ.

ಆಯಿ ಹೋಗಲಿಲ್ಲ. ಗಂಡ ಸತ್ತ ಮನೆ ಬಿಟ್ಟು ಬೀಗರ ಬಾಗಿಲಿಗೆ ಬರುವುದಿಲ್ಲ ಅಂದಳು. ಐದಾರು ವರ್ಷ ಒಬ್ಬಳೇ ಇದ್ದಳು. ನನ್ನ ಮದುವೆ ಆಗಿತ್ತು, ಹಬ್ಬಕ್ಕೆ ತವರಿಗೆ ಬಂದಿದ್ದಾಗ ಒಂದು ಬೆಳಗ್ಗೆ ಆಯಿ ಏಳಲಿಲ್ಲ. ಮಗನಿಗೆ ಹೇಳಿ ಕಳಿಸಿದೆವು. ಮಧ್ಯಾಹ್ನ ಅವನೂ ವೈನಿಯೂ ಬಂದರು. ಹೆಣ ಎತ್ತಲು ನಾಲ್ಕು ಹೆಗಲು ಬೇಕು. ಅವನ ಕಾಲು ಒಂದು ಕೊಡವನ್ನೂ ತಾಳುತ್ತಿರಲಿಲ್ಲ. ಅಂದು ಹಿಂದಿನ ಮೈದಾನದಲ್ಲಿ ಬಿ ಡಿವಿಜನ್ನಿನ ಮ್ಯಾಚ್ ಇತ್ತು. ನನ್ನ ತಮ್ಮನೂ ಅಲ್ಲೇ ಇದ್ದ. ಅವ್ವ ಹೇಳಿ ಕಳಿಸಿದರೆ ಉತ್ತರ ಬಂತು: “ಮ್ಯಾಚ್ ಮುಗೀಲಿ, ಬರ್ತೀವಿ.”

ಆಯಿಯನ್ನು ಕಟ್ಟೆಯ ಮೇಲೆ ಮಲಗಿಸಿ ನಾವು ಹೆಂಗಸರು ಸುತ್ತ ಕುಳಿತಿದ್ದೆವು. ಹಿಂದಿನಿಂದ ಹಲಗಿಯ ಸದ್ದು ಬರುತ್ತಲೇ ಇತ್ತು. ಕೀಪರಣ್ಣ ಗೋಡೆಗೆ ಒರಗಿ ನಿಂತೇ ಇದ್ದ. ಬಿಸಿಲು ಇಳಿಯುವ ಹೊತ್ತಿಗೆ ಒಂದು ಟೆಂಪೋ ಬಂದು ನಿಂತಿತು. ಕಾಗವಾಡದವರು. ಅವರಲ್ಲಿ ಇಬ್ಬರು ಅಂದು ಆಡಿದವರು, ಒಬ್ಬ ಆ ಗೋಲು ಹಾಕಿದವನೇ. ಕೂದಲು ಉದುರಿದ್ದರೂ ನಾನು ಗುರುತಿಸಿದೆ. ಯಾರ ಹತ್ತಿರವೂ ಏನೂ ಕೇಳದೆ ನಾಲ್ಕು ಮಂದಿ ಬಗ್ಗಿ ಆಯಿಯನ್ನು ಎತ್ತಿಕೊಂಡರು.

ಮೈದಾನದ ಪಕ್ಕದ ದಾರಿಯಲ್ಲೇ ಹೋಗಬೇಕು. ನಾನು ಮಾಳಿಗೆ ಹತ್ತಿ ನೋಡಿದೆ. ಕೀಪರಣ್ಣ ಬೆಂಕಿಯ ಗಡಿಗೆ ಹಿಡಿದು ಮುಂದೆ ಕುಂಟುತ್ತಿದ್ದ. ಹಲಗಿ ನಿಂತಿತು. ಸೈಕಲ್ ಅಂಗಡಿಯವನೂ ಇನ್ನಿಬ್ಬರೂ ಓಡಿ ಬಂದು ಹೆಗಲು ಕೊಡಲು ಕೈ ಚಾಚಿದರು. ಕೀಪರಣ್ಣ ತಿರುಗಿ ಏನೋ ಅಂದ. ಅವರು ಅಲ್ಲೇ ನಿಂತರು. ಅಂದದ್ದೇನೆಂದು ಆಮೇಲೆ ನನ್ನ ತಮ್ಮ ಹೇಳಿದ. “ಬ್ಯಾಡ್ರಿ. ಮ್ಯಾಚ್ ನೋಡ್ರಿ.”

ಅದೇ ಕೊನೆ, ನಾನು ಅವನನ್ನು ಮತ್ತೆ ನೋಡಲಿಲ್ಲ. ಎರಡು ವರ್ಷದ ಹಿಂದೆ ಅವನು ಕಾಗವಾಡದಲ್ಲೇ ತೀರಿಕೊಂಡ. ಸುದ್ದಿ ನನಗೆ ಮುಟ್ಟಿದ್ದು ತಿಂಗಳುಗಳು ಕಳೆದ ಮೇಲೆ, ವೈನಿಯ ಸಂಬಂಧದ ಒಬ್ಬ ಹೆಣ್ಣುಮಗಳಿಂದ. ಕೈಗವಸು ಕಂಡ ಮೇಲೆ ಮನಸ್ಸು ತಡೆಯಲಿಲ್ಲ, ಮೊನ್ನೆ ನಿಪ್ಪಾಣಿಗೆ ಹೋಗಿ ಬಂದೆ. ಅವನ ಮನೆಯಿದ್ದ ಜಾಗದಲ್ಲಿ ಯಾರದೋ ಮೂರಂತಸ್ತು ಎದ್ದಿದೆ. ಎದುರಿನ ಗುಡಿಯ ಕಟ್ಟೆಯ ಮೇಲೆ ಅದೇ ಮಂದಿ ಕುಳಿತಿದ್ದರು, ಹಲ್ಲು ಹೋದವರು, ಕೈ ನಡುಗುವವರು. ಸೈಕಲ್ ಅಂಗಡಿಯವನು ನನ್ನನ್ನು ಗುರುತಿಸಿ ಕರೆದು ಕೂರಿಸಿದ. ಫುಟ್‌ಬಾಲಿನ ಮಾತು ಬಂತು.

“ಅಂಥಾ ಕೀಪರ್ ಈ ಊರಾಗ ಮತ್ತ ಹುಟ್ಟಲಿಲ್ಲ ಬಿಡವಾ” ಅಂದ. “ಎಲ್ಲಿ ಅದಾನ ಈಗ?”

“ಹೋದ. ಎರಡ ವರ್ಷಾತು” ಅಂದೆ.

ಅವನಿಗೆ ನಿಜವಾಗಿಯೂ ದುಃಖವಾಯಿತು. ಕಣ್ಣಲ್ಲಿ ನೀರು ಬಂತು, ನಾನೇ ನೋಡಿದೆ. “ಅಯ್ಯ ತಂಗಿ, ಒಂದ ಮಾತ ನಮಗ ಹೇಳಿ ಕಳಸಬಾರದೇನ?” ಅಂದ. “ಓಣ್ಯಾಗ ಇಷ್ಟ ಮಂದಿ ಇದ್ವಿ. ಬಂದ ಹೆಗಲಾ ಕೊಡತಿದ್ವಿ.”