ನೀರಿಗಿಂತ ಮೊದಲು ಬಂದ ಫೋನ್

ಕಾತ್ರಜದ ಗುಡ್ಡದಲ್ಲಿ ಹುಟ್ಟುವ ಹಳ್ಳವೊಂದು ಮೊದಲು ಒಂದು ಗ್ರಾಮ ಪಂಚಾಯಿತಿಯನ್ನು ದಾಟಿ, ಆಮೇಲೆ ಪುಣೆಯೊಳಕ್ಕೆ ಇಳಿಯುತ್ತದೆ. ನಾನು ಪಾಲಿಕೆಯಲ್ಲಿ ನಕ್ಷೆ ಬರೆಯುವವಳು. ನನ್ನ ಹಾಳೆಯಲ್ಲಿ ಹಳ್ಳ ನಗರದ ಗಡಿಯಿಂದ ಶುರುವಾಗುತ್ತಿತ್ತು. ಪಂಚಾಯಿತಿಯ ಹಾಳೆಯಲ್ಲಿ ಅದೇ ಗಡಿಗೆ ಮುಗಿಯುತ್ತಿತ್ತು. ಪ್ರವಾಹ ಎದುರಿಸುವ ಜಂಟಿ ಯೋಜನೆಗೆಂದು ಕೂತ ದಿನ ಆ ಪಂಚಾಯಿತಿಯ ಅಧ್ಯಕ್ಷೆ, ಅಲ್ಲಿನ ಮಾತಲ್ಲಿ ಸರಪಂಚರು, ಎರಡೂ ಹಾಳೆಗಳನ್ನು ನೆಲದ ಮೇಲೆ ಜೋಡಿಸಿಟ್ಟರು. "ನಮ್ಮಲ್ಲಿ ನೀರು ಏರಿದ ಕೂಡಲೇ ನಿಮಗೆ ಫೋನ್ ಮಾಡುತ್ತೇನೆ, ಮೊದಲು ಇದನ್ನು ಬರೆದುಕೊಳ್ಳಿ," ಎಂದು ಮರಾಠಿಯಲ್ಲಿ ಹೇಳಿದರು. ಬರೆದುಕೊಂಡೆವು.

ಜುಲೈ ತಿಂಗಳ ಒಂದು ಮಧ್ಯಾಹ್ನ ಆ ಫೋನ್ ಬಂತು. ಸ್ಕೂಟರ್ ಹತ್ತಿ ಹಳ್ಳದ ದಂಡೆಯ ಗುಡಿಸಲುಗಳಿಗೆ ಧಾವಿಸಿದೆ. ನಗರದಲ್ಲಿ ಒಂದು ಹನಿ ಮಳೆಯೂ ಇರಲಿಲ್ಲ. ನೀರು ಬರುತ್ತಿದೆ, ಹೊರಡಿ ಎಂದು ರೂಢಿಯಂತೆ ಮರಾಠಿಯಲ್ಲಿ ಕೂಗಿದೆ, ಯಾರೂ ಅಲುಗಲಿಲ್ಲ.

"ಎಲ್ಲದ ನೀರು? ಹಳ್ಳ ಒಣಗ್ಯದ," ಎಂದು ಅಜ್ಜಿಯೊಬ್ಬಳು ಪಕ್ಕದವಳಿಗೆ ಹೇಳಿದಳು. ಕಲಬುರಗಿ ಕಡೆಯ ಮಾತು, ನಮ್ಮ ಮನೆಯ ಮಾತು!

"ಮ್ಯಾಲಿನ ಊರಾಗ ಬಂದದ ಆಯಿ. ಇಲ್ಲಿಗೂ ಬರ್ತದ. ಲಗೂನ ಸಾಲಿ ಕಡೆ ನಡೀರಿ," ಎಂದೆ.

ಅವಳು ನನ್ನ ಮುಖ ನೋಡಿದಳು, ಒಲೆ ಆರಿಸಿದಳು, ಆಮೇಲೆ ಇಡೀ ಓಣಿಯನ್ನೇ ಎಬ್ಬಿಸಿದಳು. ಎಲ್ಲರೂ ಶಾಲೆಯ ಮೆಟ್ಟಿಲು ಹತ್ತಿ ನಿಂತ ಮೇಲೆ ಕೆಂಪು ನೀರು ಗುಡಿಸಲುಗಳಿಗೆ ನುಗ್ಗಿತು. ತಲೆ ಎಣಿಸಿದೆವು, ಒಬ್ಬರೂ ಕಡಿಮೆ ಇರಲಿಲ್ಲ.

ಖುಷಿಯಲ್ಲಿ ಕೂಡಲೇ ಫೋನ್ ತೆಗೆದೆ. ಸರಪಂಚರಿಗೆ ಸುದ್ದಿ ಹೇಳುವಾಗ ಮರಾಠಿ ಮರೆತು ಕನ್ನಡದಲ್ಲೇ ಮಾತಾಡಿಬಿಟ್ಟೆ. ಅವರು ಆ ಕಡೆಯಿಂದ ಜೋರಾಗಿ ನಕ್ಕರು.